ಮಾಮನ ವ್ಯಾನು ಇವತ್ತು ಬರುವುದಿಲ್ಲ

ಜನವರಿ 10, ಶುಕ್ರವಾರ

ನಾನು ಸತ್ತು ಎರಡು ವರ್ಷವಾಯಿತಂತೆ. ಇವತ್ತು ಬೆಳಿಗ್ಗೆ ಉಪ್ಪಿಟ್ಟು ತಿನ್ನುವಾಗ ಗೊತ್ತಾಯಿತು.

ಸುದ್ದಿ ತಂದವನು ಧನರಾಜ್. ಕುವೈತಿನ ಅಬ್ಬಾಸಿಯಾದ ಈ ರೂಮಿನಲ್ಲಿ ನನ್ನ ಪಕ್ಕದ ಮಂಚದವನು, ಹೋಟೆಲಿನಲ್ಲಿ ಕ್ಯಾಷಿಯರ್, ಮೂಲ್ಕಿ ಕಡೆಯವನು. ಇಂಗ್ಲಿಷ್ ಪೇಪರನ್ನು ಜಾಹೀರಾತಿನ ಸಮೇತ ಓದುವ ಮನುಷ್ಯ. ಫೋನು ನನ್ನ ಮುಖಕ್ಕೆ ಹಿಡಿದ.

"ಬೆಟ್ಟಯ್ಯಣ್ಣ, ಇದು ನಿಮ್ಮ ಅಕ್ಕನ ಮಗಳಲ್ವಾ?"

"ಅವಳೇ. ಮತ್ತೆ ಏನಾದ್ರೂ ಪ್ರೈಜ್ ಹೊಡೆದಳಾ?"

"ಹೊಡೆದಿದ್ದಾಳೆ, ದೊಡ್ಡದೇ. ಆದ್ರೆ ಎಂತ ಹೇಳುವುದು ಮಾರಾಯ್ರೆ, ಇದರಲ್ಲಿ ನೀವು ತೀರಿಹೋಗಿದ್ದೀರಿ."

ಬಹುಮಾನ ಬಂದ ಪದ್ಯವೇ ನನ್ನ ಸಾವಿನ ಮೇಲೆ. ಹೆಸರು 'ಮಾಮನ ವ್ಯಾನು ಇವತ್ತು ಬರುವುದಿಲ್ಲ'. ಧನರಾಜ್ ಒಂದೊಂದೇ ಸಾಲು ಕನ್ನಡ ಮಾಡಿ ಓದಿದ.

ಮಾಮನ ವ್ಯಾನು ಇವತ್ತು ಬರುವುದಿಲ್ಲ.
ನಾವು ಚೀಲ ಹೊತ್ತು ಗೇಟಿನಲ್ಲಿ ನಿಂತಿದ್ದೇವೆ,
ತಲೆ ನರೆಯುತ್ತಿರುವವರು, ಇನ್ನೂ ಯೂನಿಫಾರ್ಮಿನಲ್ಲಿ.
ಅವನ ಸುಳ್ಳುಗಳನ್ನು ಇನ್ನು ಯಾರು ನಂಬಿಸುತ್ತಾರೆ?

"ಸಾಕು ನಿಲ್ಸು."

"ಇನ್ನೂ ಉಂಟು. ಕೊನೆಯದ್ದು ಕೇಳಿ, ಅದೇ ಚಂದ..."

"ಸತ್ತವನಿಗೆ ಕಿವಿ ಕೇಳಲ್ಲ ಕಣಯ್ಯಾ!" ಅಂತ ತಟ್ಟೆ ಎತ್ತಿಕೊಂಡು ಹೊರಗೆ ಹೋದೆ. ಹೊರಗೆ ಮೆಟ್ಟಿಲ ಹತ್ತಿರ ನಿಂತು ತಿಂದೆ. ಸಿಟ್ಟಿನಲ್ಲಿ ಎಷ್ಟು ತಿಂದೆನೆಂದು ತಿಳಿಯಲಿಲ್ಲ.

ಮನಿ ಎಕ್ಸ್‌ಚೇಂಜಿನವರು ಪ್ರತಿ ವರ್ಷ ಕೊಡುವ ಡೈರಿಯನ್ನು ಇಷ್ಟು ದಿನ ಟೀವಿಯನ್ನು ಎತ್ತರಿಸಲು ಕೆಳಗಿಡುತ್ತಿದ್ದೆ. ಈ ವರ್ಷದ್ದರಲ್ಲಿ ಬರೆಯುತ್ತೇನೆ. ಈ ಸಿಟ್ಟನ್ನು ಯಾರ ಹತ್ತಿರ ಹೇಳಿಕೊಂಡರೂ ನಗುತ್ತಾರೆ.

ಅವಳು ಯಾರೆಂದು ಬರೆದಿಡುತ್ತೇನೆ, ಸತ್ತವನ ಹೇಳಿಕೆಯಾಗಿ ಇರಲಿ. ಶ್ರಾವಣಿ ನನ್ನ ಅಕ್ಕ ಸರಸಮ್ಮನ ಒಬ್ಬಳೇ ಮಗಳು. ಭಾವ ಧನಂಜಯ್ ಅಹ್ಮದಿಯಲ್ಲಿ ಎಣ್ಣೆ ಕಂಪನಿಯ ಇಂಜಿನಿಯರು. ಅವರೇ ನನ್ನನ್ನು ಮಂಡ್ಯ ಕಡೆಯಿಂದ ಇಲ್ಲಿಗೆ ಕರೆಸಿ ಸ್ಕೂಲ್ ವ್ಯಾನಿನ ಸ್ಟೇರಿಂಗ್ ಹಿಡಿಸಿದ್ದು. ಅವಳು ಒಂದನೇ ಕ್ಲಾಸಿನಿಂದ ಕೊನೆಯ ತನಕ ನನ್ನ ವ್ಯಾನಿನಲ್ಲೇ ಹೋದವಳು, ನನ್ನ ಹಿಂದಿನ ಸೀಟು, ಕಿಟಕಿ ಪಕ್ಕ. ಆಮೇಲೆ ಅಮೆರಿಕಕ್ಕೆ ಇಂಜಿನಿಯರಿಂಗ್ ಓದಲು ಹೋಗಿ, ಅದನ್ನು ನಡುವೆ ಬಿಟ್ಟು, ಪದ್ಯ ಬರೆಯುವುದನ್ನು ಕಲಿಸುವ ಕಾಲೇಜು ಸೇರಿದಳು. ಅಂಥ ಕಾಲೇಜೂ ಇದೆ ಅಲ್ಲಿ! ಭಾವ ಎರಡು ವರ್ಷ ಮಾತು ಬಿಟ್ಟರು. ಈಗ ಓಹಾಯೊದಲ್ಲಿ ಅವಳೇ ಮೇಡಂ. ಅಲ್ಲಿನ ಪೇಪರುಗಳು ಅವಳನ್ನು ಅಮೆರಿಕದ ಕವಿ ಅನ್ನುತ್ತವೆ.

ಆದರೆ ಕಲಿಸಿದವನು ಯಾರು? ನೀರಿನ ಟವರುಗಳನ್ನು ತೋರಿಸಿ, ಅವು ರಾಕ್ಷಸರು ಬಿಸಿಲಿಗೆ ಬಿಚ್ಚಿಟ್ಟ ಛತ್ರಿ ಎಂದವನು ನಾನು. ಎಣ್ಣೆ ಬಾವಿಯ ಬೆಂಕಿ ತೋರಿಸಿ, ಅಲ್ಲೊಬ್ಬಳು ಅಜ್ಜಿ ರೊಟ್ಟಿ ಸುಡುತ್ತಾಳೆ, ನೆಂಟರು ಇನ್ನೂ ಬಂದಿಲ್ಲ, ಅದಕ್ಕೇ ಒಲೆ ಆರಿಸಿಲ್ಲ ಎಂದವನು ನಾನು. ಅವಳ ಮೊದಲ ಪುಸ್ತಕದ ತುಂಬ ಆ ಅಜ್ಜಿಯೇ. ನಾನು ಓದಿದ್ದು ಏಳನೇ ಕ್ಲಾಸು, ನಿಜ. ನಮ್ಮೂರ ಶಾಲೆಗೆ ಮೇಷ್ಟ್ರು ಬರದ ದಿನ ನಾನೇ ಪಾಠ ಮಾಡುತ್ತಿದ್ದೆ, ಅವತ್ತು ಹಾಜರಿ ಜಾಸ್ತಿ ಇರುತ್ತಿತ್ತು.

ಅಂಥವನನ್ನು ಕೊಂದು ಪ್ರೈಜ್ ತಗೊಂಡಿದ್ದಾಳೆ.

ಬೆಟ್ಟಯ್ಯ, ಜೀವಂತ.

ಜನವರಿ 12, ಭಾನುವಾರ

ವ್ಯಾನಿನಲ್ಲಿ ಮಕ್ಕಳು, "ಅಂಕಲ್, ಟುಡೇ ನೋ ಸ್ಟೋರಿ?" ಎಂದರು. ಇಲ್ಲ ಎಂದೆ. ಸತ್ತವರು ಕಥೆ ಹೇಳುವುದಿಲ್ಲ.

ಅವಳಿಗೆ ತಲೆ ಕೆಟ್ಟಿದೆ ಎನ್ನುವುದಕ್ಕೆ ನನ್ನ ಹತ್ತಿರ ಸಾಕ್ಷಿ ಇದೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಮಕ್ಕಳನ್ನು ಹತ್ತಿಸಿಕೊಳ್ಳುವ ಗಲಾಟೆಯಲ್ಲಿ ಅಮೆರಿಕದಿಂದ ಫೋನು. ವರ್ಷಕ್ಕೊಮ್ಮೆ ಮಾತಾಡುವವಳು. "ಮಾಮ, ಊಟ ಆಯ್ತಾ?" ಎಂದಳು. ಆಯ್ತು, ಏನು ವಿಷಯ ಎಂದೆ. ಮತ್ತೆ "ಊಟ ಆಯ್ತಾ ಮಾಮ?" ಮತ್ತೆ ಅದೇ. ಮೂಗು ಸೊರಸೊರ. ಅಲ್ಲಿಯ ಚಳಿಗೆ ನೆಗಡಿಯಾಗಿದೆ, ಮೊದಲು ಕಷಾಯ ಕುಡಿ ಎಂದು ಬೈದು ಫೋನಿಟ್ಟೆ. ನಾನು ಉಂಡೆನೋ ಇಲ್ಲವೋ ಎಂದು ಅಷ್ಟು ವಿಚಾರಿಸಿದವಳು ಆಮೇಲೆ ನನ್ನ ತಿಥಿ ಮಾಡಿದ್ದಾಳೆ.

ಬೆಟ್ಟಯ್ಯ, ಜೀವಂತ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಕೆಲಸ ಮುಗಿಸಿ ಅಹ್ಮದಿಗೆ ಹೋದೆ. ಅಕ್ಕ ಎಳ್ಳು ಬೆಲ್ಲ ಕೊಡಲು ಬಂದಳು, ನಾನು ಕೈ ಚಾಚಲಿಲ್ಲ.

"ಎಳ್ಳುನೀರು ಬಿಡಕ್ಕಾ. ಎಳ್ಳು ತಿನ್ನೋ ಕಾಲ ನನಗೆ ಮುಗೀತು."

"ಥೂ, ಹಬ್ಬದ ದಿನ ಏನು ಮಾತು ಅಂತ ಆಡ್ತೀಯೋ!"

"ನಿನ್ನ ಮಗಳು ಬರೆದಿದ್ದಾಳಲ್ಲ, ನನ್ನನ್ನು ಹೂತು ಹಾಕಿ! ನೀನು ಓದಿಲ್ವಾ?"

ಭಾವನವರು ಮಗಳ ಬಹುಮಾನದ ಸುದ್ದಿಯನ್ನು ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸಿದ್ದಾರೆ. ಎರಡು ವರ್ಷ ಮಾತು ಬಿಟ್ಟಿದ್ದ ಮಹಾನುಭಾವರು! "ಬೆಟ್ಟಯ್ಯ, ಅದು ಸಾಹಿತ್ಯ. ಪರ್ಸನಲ್ಲಾಗಿ ತಗೋಬಾರದು" ಎಂದರು. ಸತ್ತವನು ನಾನು, ಪರ್ಸನಲ್ಲಾಗಿ ಇನ್ಯಾರು ತಗೋಬೇಕು ಎಂದೆ.

ಅಕ್ಕ ಮಾತ್ರ ಅಡುಗೆಮನೆಗೆ ಹೋದಳು. ನಾನು ಸಿಟ್ಟು ಮಾಡಿದರೆ ಎರಡರಷ್ಟು ಸಿಟ್ಟು ಮಾಡುವವಳು ಅವಳು. ಇವತ್ತು ನಲ್ಲಿ ಬಿಟ್ಟುಕೊಂಡು ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಳು.

ಹೊರಡುವಾಗ ಭಾವ ಹೇಳಿದರು: ಅವರಿಗೆ ರಿಟೈರ್ಮೆಂಟ್ ಬಂತು, ಮಾರ್ಚ್ ಮೊದಲಲ್ಲಿ ಇಬ್ಬರೂ ಮೈಸೂರಿಗೆ, ಇಲ್ಲಿಯದು ಖಲಾಸ್. ಅದಕ್ಕೆ ಮುಂಚೆ ಫೆಬ್ರವರಿಯಲ್ಲಿ ಶ್ರಾವಣಿ ಬರುತ್ತಾಳೆ. ಕನ್ನಡ ಸಂಘದವರು ಸನ್ಮಾನ ಇಟ್ಟುಕೊಂಡಿದ್ದಾರೆ.

ಬರಲಿ.

ಬೆಟ್ಟಯ್ಯ, ಜೀವಂತ.

ಜನವರಿ 24, ಶುಕ್ರವಾರ

ಇವತ್ತಿನಷ್ಟು ಅವಮಾನ ನನಗೆ ಹುಟ್ಟಿದಾಗಿನಿಂದ ಆಗಿಲ್ಲ.

ಸಂಘದ ಮೀಟಿಂಗ್ ಇತ್ತು. ಕುರ್ಚಿ, ಚಹಾ, ಬ್ಯಾನರು ಎಲ್ಲ ನನ್ನ ಉಸ್ತುವಾರಿ. ನಾನಿಲ್ಲದೆ ಆ ಸಂಘ ತನ್ನ ಕಾಲ ಮೇಲೆ ನಿಲ್ಲುವುದಿಲ್ಲ. ಹೊಸ ಅಧ್ಯಕ್ಷರು ರೋಹಿದಾಸರು, ಟ್ರೇಡಿಂಗ್ ಕಂಪನಿಯ ಮ್ಯಾನೇಜರು, ಉಡುಪಿ ಕಡೆಯವರು. ಕವಿ ಪರಿಚಯ ಓದಿದರು, ಅಮೆರಿಕದ ಯಾವುದೋ ವಿಮರ್ಶೆ ನೋಡಿ ಬರೆದದ್ದು. ಅದರಲ್ಲಿ, "ಕುವೈತಿನಲ್ಲೇ ಅಗಲಿದ ಅವರ ಪ್ರೀತಿಯ ಸೋದರಮಾವ" ಎಂದು ಬಂತು.

"ಅವರು ನಮ್ಮ ಅಬ್ಬಾಸಿಯಾದಲ್ಲೇ ವ್ಯಾನ್ ಓಡಿಸುತ್ತಿದ್ದವರಂತೆ. ಹಾಗಾಗಿ ಕಾರ್ಯಕ್ರಮದಲ್ಲಿ ಒಂದು ನಿಮಿಷ ಮೌನ ಇಡುವ ಅಂತ ನನಗೆ ಅನಿಸ್ತದೆ" ಎಂದರು ರೋಹಿದಾಸರು.

ನಾನು ಚಹಾದ ಟ್ರೇ ಕೆಳಗಿಟ್ಟೆ. "ಸಾರ್, ಆ ಮಾವ ನಾನೇ!"

ಎಲ್ಲರೂ ನಕ್ಕರು. ಇಡೀ ಕಮಿಟಿ! ಅಹ್ಮದಿಯ ಇಂಜಿನಿಯರು ನನ್ನ ಭಾವ ಎಂದರೂ ಇವರು ಯಾವತ್ತೂ ನಂಬಿದವರಲ್ಲ.

"ಬೆಟ್ಟಯ್ಯನವರೇ, ಹೋದ ಸಲ ಒಂಟೆ ಮರಿಯನ್ನು ವ್ಯಾನಿನಲ್ಲಿ ಕೂರಿಸಿ ಸೀಟ್ ಬೆಲ್ಟ್ ಹಾಕಿದ್ದೆ ಅಂದ್ರಿ. ಕೇಳಿದೆವು" ಎಂದರು ರೋಹಿದಾಸರು. "ಈಗ ತೀರಿಹೋದವರ ಜೊತೆ ಪೈಪೋಟಿಗೆ ಬೀಳಬೇಡಿ."

"ಸಾರ್, ಒಂಟೆದು ಸುಳ್ಳು. ಇದು ನಿಜ. ಅವಳ ತಾಯಿನೇ ಕೇಳಿ."

"ಛೆ ಛೆ. ತಾಯಿ ಹತ್ರ ತಮ್ಮನ ಸಾವಿನ ವಿಷಯ ಕೆದಕುವುದಾ? ಅವರಿಗೆ ಮೊದಲೇ ಹೇಳುವುದು ಬೇಡ. ವೇದಿಕೆಯಲ್ಲೇ ಗೌರವಿಸುವ."

ಪಕ್ಕದಲ್ಲಿದ್ದ ಧನರಾಜ್ ಬಾಯಿ ತೆರೆದ. ನಾನೇ ಅವನ ಕಾಲು ತುಳಿದು ಸುಮ್ಮನಾಗಿಸಿದೆ. ಅಕ್ಕನಿಗೆ ಒಂದು ಫೋನು ಮಾಡಿದರೆ ಎಲ್ಲ ಸರಿಯಾಗುತ್ತದೆ. ಮಾಡುವುದಿಲ್ಲ. ನಡೆಯಲಿ! ಸಭೆಯೆಲ್ಲ ಎದ್ದು ನಿಂತಾಗ ನಾನು ಎದುರಿಗೇ ಇರುತ್ತೇನೆ. ಅಷ್ಟು ಜನರ ಮುಂದೆ ಅವಳು ನನ್ನನ್ನು ಸತ್ತವನಾಗಿಯೇ ಇಟ್ಟುಕೊಳ್ಳುತ್ತಾಳೋ, ಇವನು ನನ್ನ ಮಾಮ, ಬದುಕಿದ್ದಾನೆ ಎನ್ನುತ್ತಾಳೋ ನೋಡೇಬಿಡುತ್ತೇನೆ. ಪ್ರೈಜಿನ ಮರ್ಯಾದೆ ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯಿತು. ಅವಳಿಗೆ ಮಾಮನಿಲ್ಲ, ನನಗೆ ಅಕ್ಕನ ಮಗಳಿಲ್ಲ.

ಬೆಟ್ಟಯ್ಯ, ಜೀವಂತ. ಯಾರೂ ನಂಬದಿದ್ದರೂ.

ಜನವರಿ 31, ಶುಕ್ರವಾರ

ಕಾಗೆ!

ಎಲ್ಲಕ್ಕೂ ಕಾರಣ ಒಂದು ಕಾಗೆ. ಮತ್ತು ನನ್ನ ಅಕ್ಕ.

ಪ್ರತಿ ಶುಕ್ರವಾರದಂತೆ ಅಹ್ಮದಿಗೆ ಊಟಕ್ಕೆ ಹೋಗಿದ್ದೆ. ಸಿಟ್ಟಿದ್ದರೂ ಹೋದೆ, ಇಲ್ಲದಿದ್ದರೆ ಅಕ್ಕ ಸಾರು ಚೆಲ್ಲಬೇಕಾಗುತ್ತದೆ. ಉಣ್ಣುತ್ತ ಶ್ರಾವಣಿಯನ್ನು ಬೈದೆ. ಕೃತಘ್ನೆ ಎಂದೆ, ಮಾಮನ ಹೆಣ ಮಾರಿದವಳು ಎಂದೆ. ಅಕ್ಕ ಸೌಟು ಕೆಳಗಿಟ್ಟಳು.

"ಅವಳನ್ನ ಬೈಬೇಡ ಕಣೋ. ನೀನು ಸತ್ತೆ ಅಂತ ಅವಳಿಗೆ ಹೇಳಿದವಳು ನಾನು."

ತುತ್ತನ್ನು ತಟ್ಟೆಗೇ ಹಾಕಿದೆ.

"ಎರಡು ವರ್ಷದ ಹಿಂದೆ ಫಹಾಹೀಲ್ ಮೀನು ಮಾರ್ಕೆಟ್ ಹತ್ರ ನಿನ್ನ ತಲೆಗೆ ಕಾಗೆ ಬಡಿದು ಹೋಯ್ತು ಅಂತ ಬಂದು ಹೇಳಿದ್ದೆ. ನೆನಪಿದೆಯಾ? ಇಂಥ ಕೂದಲು ಕಾಗೆಗೂ ಆಸೆ ಅಂತ ನಗಾಡ್ಕೊಂಡು ಹೋದೆ. ನನಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಗೆ ತಲೆ ಮುಟ್ಟಿದರೆ ಕೇಡು. ಅದು ಕಳೆಯಬೇಕಾದರೆ ಮುಟ್ಟಿಸಿಕೊಂಡವನು ಸತ್ತನೆಂದು ದೂರದ ಒಬ್ಬ ನೆಂಟರಿಗೆ ಸುದ್ದಿ ಕಳಿಸಬೇಕು. ಅವರು ನಿಜವೆಂದೇ ನಂಬಿ ಅಳಬೇಕು. ಅತ್ತ ಮೇಲೆ, ಇಲ್ಲ, ಬದುಕಿದ್ದಾನೆ ಎಂದು ಹೇಳಬೇಕು. ನಮ್ಮೂರಲ್ಲಿ ಹೀಗೆ ಸತ್ತು ಎದ್ದವರು ಬೇಕಾದಷ್ಟು ಜನರಿದ್ದಾರೆ. ಕುವೈತಿಗೆ ಬಂದ ಮೇಲೂ ಅದು ಬೆನ್ನು ಹತ್ತುತ್ತದೆಂದು ನಾನು ಎಣಿಸಿರಲಿಲ್ಲ.

ಅಕ್ಕ ಬೆಳಗಿನ ಜಾವ ಎದ್ದು ಅಮೆರಿಕಕ್ಕೆ ಫೋನು ಮಾಡಿದ್ದಾಳೆ. ಅಲ್ಲಿ ಆಗ ರಾತ್ರಿ. ಅರ್ಧ ಗಂಟೆ ಬಿಟ್ಟು ನಿಜ ಹೇಳೋಣವೆಂದು ಮತ್ತೆ ಮಾಡಿದರೆ, ಶ್ರಾವಣಿ ಫೋನು ಆರಿಸಿಬಿಟ್ಟಿದ್ದಾಳೆ. ರಾತ್ರಿಯೆಲ್ಲ ಆರಿಸಿಯೇ ಇದ್ದಳು. ಅವರಿಗೆ ಬೆಳಗಾದ ಮೇಲೆ ಸಿಕ್ಕಳು. ಅಷ್ಟರಲ್ಲಿ ಪದ್ಯ ಬರೆದಾಗಿತ್ತು.

"ಸುಳ್ಳು ಹೇಳೋ ಕೆಲಸ ಈ ಮನೇಲಿ ನಂದಲ್ವೇನಕ್ಕಾ? ನಿನಗ್ಯಾರು ಕೊಟ್ಟರು?" ಎಂದು ಕೂಗಾಡಿದೆ. "ನನಗೆ ಒಂದು ಮಾತು ಹೇಳೋಕೇನಾಗಿತ್ತು?"

"ಮುಟ್ಟಿಸಿಕೊಂಡವನಿಗೆ ಗೊತ್ತಾದ್ರೆ ಫಲ ಇಲ್ಲ."

"ಊರಲ್ಲಿ ಅಷ್ಟು ಜನ ನೆಂಟರಿದ್ರಲ್ಲ! ಅವಳಿಗೇ ಯಾಕೆ ಮಾಡಬೇಕಿತ್ತು?"

ಅಕ್ಕ ನನ್ನ ತಟ್ಟೆಗೆ ಅನ್ನ ಬಡಿಸಿದಳು, ನಾನು ಕೇಳದಿದ್ದರೂ.

"ಅವರು ಆಹಾ ಅಂದು ಫೋನಿಡ್ತಾರೆ ಕಣೋ. ನಿಜವಾಗಿ ಅಳಬೇಕಲ್ಲ. ಹೆಂಡತಿಯಿಲ್ಲ, ಮಕ್ಕಳಿಲ್ಲ, ನಿನಗೆ ಅಳೋಕೆ ಇನ್ಯಾರಿದ್ದಾರೆ?"

ಸಾರು ಇವತ್ತು ಚೆನ್ನಾಗಿರಲಿಲ್ಲ. ಹುಳಿ ಜಾಸ್ತಿ. ಅದನ್ನೂ ಹೇಳಿ ಎದ್ದು ಬಂದೆ.

ಬೆಟ್ಟಯ್ಯ, ಜೀವಂತ.

ಫೆಬ್ರವರಿ 3, ಸೋಮವಾರ

ಅಕ್ಕನ ಮೇಲಿನ ಸಿಟ್ಟು ಬೇರೆ, ಶ್ರಾವಣಿಯ ಮೇಲಿನದು ಬೇರೆ. ಬದುಕಿದ್ದಾನೆಂದು ಬೆಳಿಗ್ಗೆ ಗೊತ್ತಾಯಿತಲ್ಲ? ಹರಿದು ಹಾಕಬೇಕಿತ್ತು. ಹರಿಯಲಿಲ್ಲ. ಅಚ್ಚು ಹಾಕಿಸಿದಳು.

ಇವತ್ತು ಮಕ್ಕಳಿಗೆ ಕಾಗೆಯ ಕಥೆ ಹೇಳಿದೆ. ಬಾಯಿ ತಪ್ಪಿ ಶುರುವಾಯಿತು. ಕಾಗೆಯನ್ನು ಹದ್ದು ಮಾಡಿದೆ, ಹದ್ದಿಗೆ ನಾನೇ ಎರಡು ಬಾರಿಸಿದೆ. ಎಲ್ಲರೂ ಇಳಿಯುವ ಸ್ಟಾಪ್ ಬಂದರೂ ಇಳಿಯಲೊಲ್ಲರು.

ಬೆಟ್ಟಯ್ಯ, ಜೀವಂತ.

ಫೆಬ್ರವರಿ 13, ಗುರುವಾರ

ಏರ್‌ಪೋರ್ಟಿಗೆ ಭಾವ ಟ್ಯಾಕ್ಸಿ ಹೇಳುತ್ತೇನೆಂದರು. ಅವಳಿಗೆ ಇಲ್ಲಿಯ ದಾರಿ ತೋರಿಸಿದವನು ನಾನು, ಟ್ಯಾಕ್ಸಿಯವನು ಯಾರು? ನಾನೇ ವ್ಯಾನು ತಗೊಂಡು ಹೋದೆ. ಸಿಟ್ಟಿನಲ್ಲೇ ಹೋದೆ.

ಹೊರಗೆ ಬಂದವಳು ನನ್ನನ್ನು ನೋಡಿ ಸಾಮಾನಿನ ಗಾಡಿ ಬಿಟ್ಟು ನಿಂತಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ನನ್ನ ತೋಳು ಹಿಡಿದು ಒತ್ತಿ ನೋಡಿದಳು, ಮಾರ್ಕೆಟ್ಟಿನಲ್ಲಿ ಹಲಸಿನ ಹಣ್ಣು ನೋಡುವ ಹಾಗೆ.

"ದೆವ್ವ ಅಲ್ಲ, ಹೆದರಬೇಡ. ಹತ್ತು" ಎಂದೆ.

ಪಕ್ಕದ ಸೀಟಿನ ಬಾಗಿಲು ತೆಗೆದು ಕೊಟ್ಟರೆ, ಅವಳು ಹಿಂದೆ ಹೋಗಿ ಕಿಟಕಿ ಪಕ್ಕ ಕೂತಳು. ಕನ್ನಡಿಯಲ್ಲಿ ನೋಡುತ್ತ ಬೈಯುವುದು ಕಷ್ಟ, ಆದರೂ ಬೈದೆ. ಬೆಳಿಗ್ಗೆ ನಿಜ ತಿಳಿದ ಮೇಲೂ ಯಾಕೆ ಇಟ್ಟುಕೊಂಡೆ ಎಂದು ಕೇಳಿದೆ.

"ಆ ರಾತ್ರಿ ನೀನು ನಿಜವಾಗ್ಲೂ ಸತ್ತಿದ್ದೆ ಮಾಮ. ನಂಗೆ." ಕನ್ನಡದಲ್ಲಿ ನಿಧಾನವಾಗಿ, ಮಾತು ಹುಡುಕಿ ಹುಡುಕಿ ಹೇಳಿದಳು. "ಮಾರ್ನಿಂಗ್ ಅಮ್ಮ ಫೋನ್ ಮಾಡಿದ್ರು, ನೀನು ಬಂದೆ. ಆದ್ರೆ ಆ ರಾತ್ರಿ ಹೋಗ್ಲಿಲ್ಲ. ಇಟ್ ಸ್ಟೇಯ್ಡ್. ಹರಿಯೋಕೆ ಟ್ರೈ ಮಾಡಿದೆ. ಹರಿದ್ರೆ ಮತ್ತೆ ನೀನೇ ಸತ್ತ ಹಾಗೆ ಆಗ್ತಿತ್ತು."

ಇದು ಯಾವ ನ್ಯಾಯ? ಇಂಗ್ಲಿಷ್ ಓದಿದವರಿಗೆ ಎರಡೂ ಕಡೆ ಮಾತಾಡಲು ಬರುತ್ತದೆ.

"ನಾಳೆ ಅದನ್ನ ಓದಬೇಡ."

"ಓಕೆ ಮಾಮ. ಓದಲ್ಲ."

ತಟ್ಟನೆ ಒಪ್ಪಿಕೊಂಡಳು! ಒಂದು ಜಗಳವೂ ಬೇಡವೇ? ಅದರಿಂದ ಸಿಟ್ಟು ಇನ್ನೂ ಏರಿತು. ಮೌನಾಚರಣೆಯ ವಿಷಯ ನಾನು ಹೇಳಲಿಲ್ಲ. ಅದು ನಾಳೆಗೆ ಇರಲಿ.

ನೀರಿನ ಟವರು ಬಂದಾಗ ಹಿಂದಿನಿಂದ, "ಮಾಮ, ಅಂಬ್ರೆಲಾ ಇನ್ನೂ ಮಡಚಿಲ್ವಾ?" ಎಂದಳು.

ಬಿಸಿಲು ಇನ್ನೂ ಹೋಗಿಲ್ಲವಲ್ಲ ಎಂದೆ. ಬೇರೆ ಏನು ಹೇಳಲಿ.

ಫೆಬ್ರವರಿ 15, ಶನಿವಾರ

ನಿನ್ನೆ ಬರೆಯಲಾಗಲಿಲ್ಲ. ಜನ ಬಿಡಲಿಲ್ಲ. ಇವತ್ತೂ ಫೋನಿನ ಮೇಲೆ ಫೋನು.

ಹಾಲ್ ತುಂಬಿತ್ತು. ಕುರ್ಚಿ ನಾನೇ ಹಾಕಿಸಿದ್ದು, ಹಾಗಾಗಿ ಎದುರಿನ ಸಾಲಿನ ಕೊನೆಯದನ್ನು ನನಗೇ ಇಟ್ಟುಕೊಂಡಿದ್ದೆ. ಅಕ್ಕ ಭಾವ ನಡುವೆ. ಶ್ರಾವಣಿ ವೇದಿಕೆಯ ಮೇಲೆ, ಅಕ್ಕನ ಹಳದಿ ಸೀರೆ ಉಟ್ಟು, ಪೇಟ ತಲೆಯ ಮೇಲೆ ನಿಲ್ಲದೆ ಒದ್ದಾಡುತ್ತಿದ್ದಳು. ರೋಹಿದಾಸರು ಪರಿಚಯ ಓದಿದರು, ಅಮೆರಿಕ, ಓಹಾಯೊ, ಪ್ರಶಸ್ತಿ ಎಲ್ಲ. ಆಮೇಲೆ ದನಿ ತಗ್ಗಿಸಿ, "ನಮ್ಮ ನಡುವೆಯೇ ಬಾಳಿ ಮರೆಯಾದ, ಕವಿಯ ಸೋದರಮಾವನ ಆತ್ಮಕ್ಕೆ ಶಾಂತಿ ಕೋರಿ ಒಂದು ನಿಮಿಷ ಎದ್ದು ನಿಲ್ಲುವ" ಎಂದರು.

ಎಲ್ಲರೂ ಎದ್ದರು. ನಾನೂ ಎದ್ದೆ. ಸಭೆಯೆಲ್ಲ ನಿಂತಾಗ ಒಬ್ಬನೇ ಕೂತರೆ ಮರ್ಯಾದೆಯಲ್ಲ. ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತೆ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಪಕ್ಕದ ಕುರ್ಚಿಯ ಧನರಾಜನ ಭುಜ ಕುಣಿಯುತ್ತಿತ್ತು, ನಗುವೋ ಅಳುವೋ ಕಾಣೆ. ನಾನು ಅವಳನ್ನೇ ನೋಡುತ್ತಿದ್ದೆ. ಹೇಳುತ್ತಾಳೋ ಇಲ್ಲವೋ. ಅವಳು ರೋಹಿದಾಸರನ್ನು ನೋಡಿದಳು, ಸಭೆ ನೋಡಿದಳು, ನನ್ನನ್ನು ನೋಡಿದಳು. ಈಗ ಮುಗಿಯಿತು, ಅವಳು ಹೇಳುವುದಿಲ್ಲ ಎಂದುಕೊಂಡೆ.

ಅವಳು ನಡೆದು ಬಂದು ಮೈಕಿನ ಮುಂದೆ ನಿಂತಳು.

"ಮಾಮ, ನೀನು ಕೂತ್ಕೋ."

ಇಡೀ ಹಾಲ್ ತಿರುಗಿತು.

"ಎಲ್ರೂ ನಿಲ್ಲಿ. ನೀನು ಮಾತ್ರ ಕೂತ್ಕೋ ಮಾಮ."

ಕೂತೆ. ಕುರ್ಚಿ ಹಾಕಿಸಿ ಹಾಕಿಸಿ ಸುಸ್ತಾಗಿತ್ತು. ರೋಹಿದಾಸರ ಮುಖ ನೋಡಬೇಕಿತ್ತು! ಹಿಂದಿನ ಸಾಲಿನಲ್ಲಿ ಯಾರೋ, "ಹಾಗಾದ್ರೆ ಒಂಟೆದೂ ನಿಜವಾ?" ಎಂದರು.

ಆಮೇಲೆ ಅವಳು ಕಾಗೆಯ ಕಥೆಯನ್ನೆಲ್ಲ ಹೇಳಿದಳು, ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಜನ ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ಆ ಪದ್ಯ ಓದಿ ಎಂದು ಹಿಂದಿನಿಂದ ಕೂಗಿದರು. ಅವಳು ತಲೆಯಾಡಿಸಿ, ಮಾಮನಿಗೆ ಮಾತು ಕೊಟ್ಟಿದ್ದೇನೆ, ಬೇರೆ ಓದುತ್ತೇನೆ ಎಂದು ಪುಟ ತಿರುವಿದಳು. ಅದು ಮಂಜಿನ ಮೇಲಿನ ಪದ್ಯವಂತೆ. ನನಗೆ ರೇಗಿತು. ಮಂಜಿಗೆ ಇಷ್ಟು ಜನ ಎದ್ದು ನಿಂತಿದ್ದರಾ?

"ನನ್ನದೇ ಓದೇ!" ಎಂದು ಕೂಗಿದೆ.

ಓದಿದಳು. ಇಂಗ್ಲಿಷಿನಲ್ಲಿ ಓದಿದರೂ ಛತ್ರಿ ಬಂದದ್ದು ಗೊತ್ತಾಯಿತು, ಅಜ್ಜಿ ಬಂದದ್ದು ಗೊತ್ತಾಯಿತು. ನಡುವೆ ಬ್ಲೂ ವ್ಯಾನ್ ಎಂದಳು. "ಬಿಳಿದು!" ಎಂದೆ. "ಸಾರಿ ಮಾಮ, ಬಿಳಿದು" ಎಂದು ತಿದ್ದಿ ಮುಂದೆ ಓದಿದಳು. ಪ್ರೈಜ್ ಕೊಟ್ಟವರಿಗೆ ಇದು ತಿಳಿಯಲಿಲ್ಲ, ನೋಡಿ.

ಕೊನೆಗೆ ಬಂತು. ನಾನು ಯಾರಿಗೂ ಓದಲು ಬಿಡದ ಕೊನೆ. ಧನರಾಜ್ ನನ್ನ ಕಿವಿಗೆ ಬಾಗಿ, "ದಿನಾ ಗೇಟಿನಲ್ಲಿ ನಾವೆಲ್ಲ ನಮ್ಮ ಹಸಿವು ಹೇಳಿಕೊಂಡೆವು, ಅವನನ್ನು ಯಾರೂ ಕೇಳಲಿಲ್ಲ" ಎಂದ. ಅದರ ಮುಂದಿನದಕ್ಕೆ ಅವನು ಬೇಕಾಗಲಿಲ್ಲ. ಅಮೆರಿಕದಲ್ಲಿ ಅಚ್ಚಾದ ಆ ಪದ್ಯದ ಕಡೆಯ ಸಾಲು ಕನ್ನಡದಲ್ಲೇ ಇದೆ.

ಮಾಮ, ಊಟ ಆಯ್ತಾ?

ಅವತ್ತು ಅವಳಿಗೆ ನೆಗಡಿಯಾಗಿರಲಿಲ್ಲ.

ಇದನ್ನೂ ನನಗೆ ಯಾರೂ ಹೇಳಿರಲಿಲ್ಲ. ಈ ಮನೆಯಲ್ಲಿ ಎಲ್ಲವೂ ನನಗೆ ಕೊನೆಗೇ ಗೊತ್ತಾಗುವುದು. ಬಹಳ ಸಿಟ್ಟು ಬಂದಿದೆ.

ಮಾರ್ಚ್ 7, ಶುಕ್ರವಾರ

ಶ್ರಾವಣಿ ಹೋಗಿ ಎರಡು ವಾರವಾಯಿತು. ಅಕ್ಕ ಭಾವ ಭಾನುವಾರ ಹೋದರು. ಅಕ್ಕ ಏರ್‌ಪೋರ್ಟಿನ ಒಳಗೆ ಹೋಗುವಾಗ, "ಮೀನು ಮಾರ್ಕೆಟ್ ಕಡೆ ಹೋದರೆ ಟೋಪಿ ಹಾಕ್ಕೋ" ಎಂದಳು. ಜಗತ್ತಿನಲ್ಲಿ ಇನ್ನೇನೂ ಹೇಳಲು ಇರಲಿಲ್ಲವೇ ಅವಳಿಗೆ.

ಶುಕ್ರವಾರ ಅಹ್ಮದಿಗೆ ಹೋಗದೆ ಕೂತದ್ದು ಇದೇ ಮೊದಲು. ರಂಜಾನ್, ಹಗಲು ಹೋಟೆಲೂ ಇಲ್ಲ. ಸಂಜೆ ಉಪವಾಸ ಬಿಡುವ ಇಫ್ತಾರಿನ ತಯಾರಿಯೆಂದು ಧನರಾಜ್ ಡ್ಯೂಟಿಗೆ ಹೋದ. ನಾನೇ ಸಾರು ಮಾಡಿದೆ. ಸಾರು ಮಾಡುವುದರಲ್ಲಿ ಅಬ್ಬಾಸಿಯಾದಲ್ಲಿ ನನ್ನನ್ನು ಮೀರಿಸುವವರಿಲ್ಲ. ತಟ್ಟೆಗೆ ಹಾಕಿಕೊಂಡು ಕೂತೆ. ಅನ್ನ ನೋಡುತ್ತ ಸುಮಾರು ಹೊತ್ತು ಕೂತೆ. ಆಮೇಲೆ ಅಮೆರಿಕಕ್ಕೆ ಫೋನು ಹಚ್ಚಿದೆ. ಈ ನಂಬರಿನಿಂದ ನಾನಾಗಿ ಅಲ್ಲಿಗೆ ಹಿಂದೆಂದೂ ಮಾಡಿರಲಿಲ್ಲ.

"ಮಾಮ? ಏನಾಯ್ತು? ಆರ್ ಯು ಓಕೆ?"

"ಊಟ ಆಯ್ತಾ?"

ಆ ಕಡೆ ದೀಪದ ಸ್ವಿಚ್ಚು ಟಕ್ ಎಂದಿತು.

"ಮಾಮ, ಇಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ."

"ಅದು ನಿಮ್ಮ ದೇಶದ ತಪ್ಪು. ಕೇಳಿದ್ದಕ್ಕೆ ಹೇಳು."

"ಆಯ್ತು ಮಾಮ. ರಾತ್ರಿ ಆಯ್ತು." ಮೂಗು ಸೊರ ಎಂದಿತು. "ನಿಂದು?"

"ಈಗ ಕೂತಿದ್ದೀನಿ."

"ಹಾಗಾದ್ರೆ ಫೋನ್ ಇಡಬೇಡ. ತಿನ್ನು."

ಇಡಲಿಲ್ಲ. ತಟ್ಟೆಯ ಪಕ್ಕ ಫೋನಿಟ್ಟುಕೊಂಡು ತಿಂದೆ. ಅವಳು ಅಲ್ಲೇ ಇದ್ದಳು. ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ, ಬಾಯಿಗಿಡುವ ಹಾಗಿರಲಿಲ್ಲ.

"ಹೇಗಿದೆ ಮಾಮ?"

ಅಡುಗೆಯ ಘಮ ತಡೆಯಲಾರದೆ ಕೆಳಗಿನ ಮನೆಯವರು ಪಾತ್ರೆ ಹಿಡಿದು ಮೆಟ್ಟಿಲ ಮೇಲೆ ಸಾಲು ನಿಂತಿದ್ದಾರೆ, ಇಫ್ತಾರಿನ ತನಕ ಕಾಯಿರಪ್ಪಾ ಎಂದು ಹೇಳಿ ಸಾಕಾಗಿದೆ ಎಂದೆ.

ನಂಬಿದಳು.